ಪಿಂಗಾಣಿ ವೆನೀರ್: ಹಾಕಿಸುವ ಮುಂಚೆ, ಹಾಕಿಸಿದ ಮೇಲೆ

ಮಗಳೇ, ಪಾವಗಡದ ಬೋರ್‌ವೆಲ್ ನೀರು ಕುಡಿದು ಬೆಳೆದವಳು ನೀನು. ಮುಂದಿನ ಹಲ್ಲುಗಳ ಮೇಲಿನ ಆ ಕಂದು ಪಟ್ಟೆ ಫ್ಲೋರೈಡಿನದು, ನಿನ್ನ ತಪ್ಪಲ್ಲ. ನಗು ಬಂದರೆ ನಿನ್ನ ಕೈ ಬಾಯಿಗೆ ಅಡ್ಡ ಹೋಗುವುದನ್ನು ನೋಡಿದ್ದೇನೆ. ವೆನೀರ್ ಹಾಕಿಸಬೇಡ ಅನ್ನುವುದಿಲ್ಲ. ಆದರೆ ಇಷ್ಟು ತಿಳಿದುಕೊಂಡು ಹೋಗು.

• ಕಲೆ ಮೇಲುಮೇಲಿದ್ದರೆ ನವಿರಾಗಿ ಉಜ್ಜಿ ತೆಗೆದು, ಬ್ಲೀಚ್ ಮಾಡಿದರೂ ಸಾಕಾಗಬಹುದು. ಡಾಕ್ಟರನ್ನು ಮೊದಲು ಅದನ್ನೇ ಕೇಳು.

• ವೆನೀರ್ ಅಂದರೆ ಉಗುರಿನಷ್ಟು ತೆಳ್ಳಗಿನ ಪಿಂಗಾಣಿ ಪದರ, ಸುಮಾರು ಅರ್ಧ ಮಿಲಿಮೀಟರ್. ಅದು ಕೂರಲು ಸಾಮಾನ್ಯವಾಗಿ ಎನಾಮೆಲ್ಲನ್ನೂ ಹೆಚ್ಚುಕಡಿಮೆ ಅಷ್ಟೇ ಅರೆಯುತ್ತಾರೆ. ಅರೆದದ್ದು ಮತ್ತೆ ಬೆಳೆಯುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ವೆನೀರ್ 10-15 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬಾಳುತ್ತದೆ. ಆಮೇಲೆ ಹೊಸದು ಹಾಕಿಸಲೇಬೇಕು. ಈಗ ನಿನಗೆ ಇಪ್ಪತ್ತಮೂರು, ಲೆಕ್ಕ ಹಾಕಿಕೋ.

• 1928ರ ಹೊತ್ತಿಗೆ ಅಮೆರಿಕದಲ್ಲಿ ಚಾರ್ಲ್ಸ್ ಪಿಂಕಸ್ ಅನ್ನುವ ದಂತವೈದ್ಯರು ಸಿನಿಮಾ ನಟರಿಗೆ ಇಂಥ ಪದರ ಅಂಟಿಸುತ್ತಿದ್ದರು. ಅದು ಶೂಟಿಂಗ್ ಮುಗಿಯುವವರೆಗಷ್ಟೇ ನಿಲ್ಲುತ್ತಿತ್ತು. ಈಗ ಹಲ್ಲಿಗೂ ಪಿಂಗಾಣಿಯ ಒಳಮೈಗೂ ಆಸಿಡ್ ಹಚ್ಚಿ, ಕಣ್ಣಿಗೆ ಕಾಣದಷ್ಟು ಸಣ್ಣ ತರಿ ಮಾಡಿ, ನಡುವೆ ರೆಸಿನ್ ಅಂಟು ತುಂಬಿ, ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುತ್ತಾರೆ. ಈ ಅಂಟು ಎನಾಮೆಲ್ ಮೇಲೆ ಹಿಡಿದಷ್ಟು ಭದ್ರವಾಗಿ ಅದರ ಕೆಳಗಿನ ಪದರದ ಮೇಲೆ ಹಿಡಿಯುವುದಿಲ್ಲ. ಅದಕ್ಕೇ "ಎನಾಮೆಲ್ ಆದಷ್ಟು ಉಳಿಸಿ ಡಾಕ್ಟ್ರೇ" ಅಂತ ಬಾಯಿಬಿಟ್ಟು ಹೇಳು.

• ಪಕ್ಕದ ಹಲ್ಲು ಬೆಳ್ಳಗಾಗಬೇಕಿದ್ದರೆ ಮುಂಚೆಯೇ ಬ್ಲೀಚ್ ಮಾಡಿಸು. ಪಿಂಗಾಣಿಯ ಬಣ್ಣ ಬ್ಲೀಚಿಗೆ ಬದಲಾಗುವುದಿಲ್ಲ.

• ಕಾಫಿ ಕುಡಿ, ಪಿಂಗಾಣಿಗೆ ಕಲೆ ಸುಲಭಕ್ಕೆ ಹಿಡಿಯುವುದಿಲ್ಲ. ಅಪಾಯವೆಲ್ಲ ಅಂಚಿನಲ್ಲಿ, ಒಸಡಿನ ಪಕ್ಕ. ಅಲ್ಲಿ ಅಂಟಿನ ಗೆರೆ ಕಪ್ಪಾಗುತ್ತದೆ. ಕೊಳೆ ನಿಂತರೆ ಕೆಳಗಿನ ಹಲ್ಲೇ ಹುಳುಕಾಗುತ್ತದೆ. ದಿನಕ್ಕೆರಡು ಸಲ ಮೆತ್ತನೆಯ ಬ್ರಷ್, ರಾತ್ರಿ ಹಲ್ಲುಸಂದಿಗೆ ಫ್ಲಾಸ್ ದಾರ. ಇದ್ದಿಲ ಪುಡಿ, ಒರಟು ಹಲ್ಲುಪುಡಿ ಬೇಡವೇ ಬೇಡ.

• ಆಮ್ಲೀಯ ಫ್ಲೋರೈಡ್ ಜೆಲ್ ಪಿಂಗಾಣಿಯ ಹೊಳಪು ಕೆಡಿಸುತ್ತದೆ. ಕ್ಲೀನಿಂಗಿಗೆ ಹೋದಾಗ ವೆನೀರ್ ಇದೆಯೆಂದು ಮೊದಲೇ ಹೇಳು.

• ಕಬ್ಬು ಸಿಗಿಯುವುದು, ಅಡಿಕೆ ಒಡೆಯುವುದು, ಹೂ ಕಟ್ಟುವಾಗ ದಾರ ಕಡಿಯುವುದು, ಎಲ್ಲ ಬಿಡು. ಗಟ್ಟಿ ಕೋಡುಬಳೆಯನ್ನು ಕೈಯಲ್ಲಿ ಮುರಿದು ದವಡೆಗೆ ಹಾಕಿಕೋ.

• ನಿದ್ದೆಯಲ್ಲಿ ಹಲ್ಲು ಕಡಿಯುತ್ತೀಯ, ನಿನ್ನಮ್ಮನೇ ಹೇಳಿದ್ದಾಳೆ. ಇದನ್ನು ಡಾಕ್ಟರಿಗೆ ಮುಚ್ಚಿಡಬೇಡ. ನೈಟ್ ಗಾರ್ಡ್ ಮಾಡಿಕೊಡುತ್ತಾರೆ, ದಿನಾ ಹಾಕಿಕೊಂಡು ಮಲಗು.

• ಎಂದಾದರೂ ಕಳಚಿ ಬಂದರೆ ಮನೆಯ ಗೋಂದಿನಿಂದ ಅಂಟಿಸಬೇಡ. ಪುಟ್ಟ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟುಕೊಂಡು ಬೇಗ ಡಾಕ್ಟರ ಹತ್ತಿರ ಹೋಗು. ಒಡೆದಿರದಿದ್ದರೆ ಎಷ್ಟೋ ಸಲ ಅದನ್ನೇ ಮತ್ತೆ ಕೂರಿಸುತ್ತಾರೆ.