ಕೋಳಿ ಶೆಡ್: ನೆರಳಿದ್ದರೆ ಸಾಲದು, ಗಾಳಿ ಆಡಬೇಕು

ಹಾಲ್ಕುರಿಕೆಯಂಥ ತೆಂಗಿನ ಊರಿನಲ್ಲಿ ಬ್ರಾಯ್ಲರ್ ಶೆಡ್ ಕಟ್ಟಲು ಹೊರಟವರಿಗೆ ತೋಟದ ನಡುವಿನ ಜಾಗವೇ ಸರಿ ಅನ್ನಿಸುವುದು ಸಹಜ. ನೆರಳಿದೆ, ಬೋರ್‌ವೆಲ್ ಇದೆ, ಇನ್ನೇನು ಬೇಕು ಅಂತ. ಆದರೆ ಗಾಳಿ ಆಡದ ನೆರಳು ಕೋಳಿಗೆ ಉಪಯೋಗಕ್ಕಿಲ್ಲ. ಒಪ್ಪಂದದ ಸಾಕಣೆಯಲ್ಲಿ ಮರಿ, ಮೇವು ಕಂಪನಿಯದು. ಶೆಡ್ಡು, ನೀರು, ದುಡಿಮೆ ನಮ್ಮದು. ಎರಡು ಕಿಲೋ ತೂಗುವ ಕೋಳಿಗಳು ಲಾರಿ ಹತ್ತುವ ಮುಂಚೆ ಒಂದೇ ಮಧ್ಯಾಹ್ನ ಸತ್ತರೆ ಆ ತಂಡದ ಸಾಕಣೆ ಕೂಲಿಯೇ ಹೋಯ್ತು.

ಕೋಳಿಗೆ ಬೆವರಿಲ್ಲ

ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಬೆವರಿನ ಗ್ರಂಥಿ ಇಲ್ಲ. ಒಳಗಿನ ಕಾವನ್ನು ಮೈಸವರಿ ಹೋಗುವ ಗಾಳಿಗೆ ಬಿಡಬೇಕು, ಇಲ್ಲಾ ಬಾಯಿ ತೆರೆದು ಏದುಸಿರಿನಲ್ಲಿ ಹೊರಹಾಕಬೇಕು. ಸುತ್ತಲ ಗಾಳಿಯೇ ಹಸಿಯಾಗಿದ್ದರೆ ಎಷ್ಟು ಏದಿದರೂ ಕಾವು ಇಳಿಯದು. ಭರಣಿ ಮಳೆ ಒಂದು ಹದ ಬಿದ್ದ ಮರುದಿನ, ಎಲೆ ಅಲುಗದ ಮಧ್ಯಾಹ್ನವು ಒಣ ಬಿಸಿಲಿಗಿಂತ ಅಪಾಯ ಆಗುವುದು ಇದಕ್ಕೇ.

ಜಾಗ, ಕಟ್ಟಡ

ತೆಂಗಿನ ಬುಡದಲ್ಲಿ ಗಾಳಿ ಸಲೀಸಾಗಿ ಹಾಯುತ್ತದೆ. ಅದನ್ನು ತಡೆಯುವುದು ನಡುವೆ ಹಾಕಿದ ಬಾಳೆ, ಬೇಲಿಸಾಲು, ಒಟ್ಟಿದ ಮಟ್ಟೆರಾಶಿ. ಶೆಡ್ಡಿನ ಎರಡೂ ಮಗ್ಗುಲು ಇವು ಇರಬಾರದು. ಗರಿ, ಕಾಯಿ ಬಿದ್ದು ಶೀಟು ಒಡೆಯದಷ್ಟು ದೂರ ಮರದಿಂದ ಬಿಡಿ. ಬೇಸಿಗೆಯಲ್ಲಿ ಶೆಡ್ಡಿನ ಪಕ್ಕದ ಪಾತಿಗೆ ಮಧ್ಯಾಹ್ನ ನೀರು ಹಾಯಿಸಬೇಡಿ.

ಉದ್ದ ಪೂರ್ವ-ಪಶ್ಚಿಮಕ್ಕಿರಲಿ, ಆಗ ಬೆಳಗಿನ, ಸಂಜೆಯ ಬಿಸಿಲು ಗಿಡ್ಡ ಗೋಡೆಗೆ ಮಾತ್ರ ಬೀಳುತ್ತದೆ. ಅಗಲ 30 ಅಡಿ ಮೀರಿದರೆ ನಡುವಿಗೆ ಗಾಳಿ ಮುಟ್ಟುವುದು ಕಷ್ಟ. ಉದ್ದದ ಬದಿಯಲ್ಲಿ ಗೋಡೆ ಒಂದೊಂದೂವರೆ ಅಡಿ ಸಾಕು, ಮೇಲೆಲ್ಲ ಜಾಲರಿ. ಬಿಸಿಗಾಳಿ ಮೇಲೇರುವುದರಿಂದ ನೆತ್ತಿಯಲ್ಲಿ ಕಿಂಡಿ ಬೇಕು. ಸೂರು ಮೂರು ಅಡಿ ಮುಂದೆ ಚಾಚಿರಲಿ. ಸಿಮೆಂಟ್ ಶೀಟಿಗೆ ಸುಣ್ಣ ಬಳಿದರೆ ಅಥವಾ ಗರಿ ಹೊದಿಸಿದರೆ ಒಳಗಿನ ಕಾವು ತಗ್ಗುತ್ತದೆ. ಗರಿ ಹೊದಿಸಿದಲ್ಲಿ ಬೆಂಕಿಯ ಎಚ್ಚರ ಇರಲಿ.

ಮರಿ ಇದ್ದಾಗ ಪರದೆ

ಮೊದಲ ದಿನ ಮರಿಗೆ 32-34 ಡಿಗ್ರಿ ಬೇಕು. ವಾರಕ್ಕೆ ಎರಡು ಮೂರು ಡಿಗ್ರಿಯಂತೆ ಇಳಿಸಿ. ಮರಿಗಳೇ ಹೇಳುತ್ತವೆ: ದೀಪದಡಿ ಗುಂಪುಗೂಡಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ, ಒಂದೇ ಪಕ್ಕಕ್ಕೆ ಒತ್ತಿಕೊಂಡರೆ ಎದುರಿನಿಂದ ಗಾಳಿ ಹೊಡೀತಿದೆ.

ಮಾಗಿ ಚಳಿಗೆ ಹೆದರಿ ಪರದೆಯನ್ನು ರಾತ್ರಿಯಿಡೀ ಪೂರ್ತಿ ಬಿಗಿಯುವುದು ತಪ್ಪು. ಹಿಕ್ಕೆಯ ಅಮೋನಿಯಾ ಒಳಗೇ ನಿಂತು ಕಣ್ಣು, ಶ್ವಾಸಕೋಶ ಕೆಡುತ್ತದೆ. ಪರದೆಯ ಬುಡ ಕಟ್ಟಿರಲಿ, ಮೇಲಿನಿಂದ ಕೆಳಕ್ಕೆ ಇಳಿಯುವಂತೆ ಮಾಡಿ. ಮೇಲೆ ಒಂದು ಗೇಣು ತೆರೆದಿಟ್ಟರೆ ಕೆಟ್ಟ ಗಾಳಿ ಹೋಗುತ್ತದೆ, ಮರಿಗೆ ನೇರ ಚಳಿ ತಗಲುವುದಿಲ್ಲ.

ಬೇಸಿಗೆಯ ಕ್ರಮ

• ಒಂದು ಕೋಳಿಗೆ ಒಂದು ಚದರಡಿ ಲೆಕ್ಕ. ಬೇಸಿಗೆ ತಂಡಕ್ಕೆ 1.2 ಚದರಡಿ ಕೊಡಿ.
• ಮೇವು ಜೀರ್ಣವಾಗುವಾಗಲೂ ಮೈ ಕಾಯುತ್ತದೆ. ಬೆಳಿಗ್ಗೆ 10ರ ಹೊತ್ತಿಗೆ ಮೇವಿನ ತಟ್ಟೆ ಎತ್ತಿ, ಬಿಸಿಲು ಇಳಿದ ಮೇಲೆ ಇಡಿ. ಏದುಸಿರು ಶುರುವಾದ ಮೇಲೆ ಎತ್ತಿದರೆ ತಡವಾಯ್ತು.
• ಸಾಮಾನ್ಯ ದಿನಗಳಲ್ಲಿ ಕೋಳಿ ತಿಂದ ಮೇವಿನ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ, ಸೆಕೆಯಲ್ಲಿ ಇನ್ನೂ ಹೆಚ್ಚು. ಟ್ಯಾಂಕಿಗೆ ಗರಿಯ ಚಪ್ಪರ ಹಾಕಿ, ಪೈಪು ಹೂಳಿ. ಕಾದ ನೀರನ್ನು ಕೋಳಿ ಮುಟ್ಟದು. ಕರೆಂಟು ಇದ್ದಾಗಲೇ ಟ್ಯಾಂಕು ತುಂಬಿಸಿಕೊಳ್ಳಿ.
• ಒಣಗಾಳಿ ಬೀಸುವಾಗ ಗೋಣಿಚೀಲ ನೆನೆಸಿ ಕಟ್ಟುವುದು, ಮಂಜಿನಂತೆ ನೀರು ಸಿಂಪಡಿಸುವುದು ಒಳ್ಳೆಯದು. ಗಾಳಿ ನಿಂತಾಗ, ಮಳೆ ಬಂದ ಮೇಲೆ ಇದನ್ನೇ ಮಾಡಿದರೆ ತೇವ ಹೆಚ್ಚಿ ಕೇಡು. ಆಗ ಬೇಕಾದದ್ದು ಫ್ಯಾನು.

ಹಾಸು ಒಣಗಿರಲಿ

ನಮ್ಮಲ್ಲಿ ಸಿಗುವ ನಾರಿನ ಪುಡಿ ಚೆನ್ನಾಗಿ ನೀರು ಹೀರುತ್ತದೆ. ಒಣಗಿಸಿ ಹರಡಿದರೆ ಒಳ್ಳೆಯ ಹಾಸು, ಹಸಿಯಾಗಿ ಹಾಕಿದರೆ ಹೆಪ್ಪುಗಟ್ಟುತ್ತದೆ. ಒಂದು ಹಿಡಿ ಹಿಸುಕಿ ನೋಡಿ: ಉಂಡೆಯಾಗಿ ನಿಂತರೆ ತೇವ ಹೆಚ್ಚು. ಸೋರುವ ಕುಡಿಯುವ ಪಾತ್ರೆ ಸರಿಮಾಡಿ, ಹಾಸು ಕೆದಕಿ, ಗಾಳಿ ಹೆಚ್ಚಿಸಿ. ತಂಡ ಹೋದ ಮೇಲೆ ಅದೇ ಹಾಸನ್ನು ಕೊಳೆಸಿ ತೆಂಗಿಗೆ ಹಾಕಬಹುದು.

ಉಷ್ಣಮಾಪಕವನ್ನು ಕೋಳಿಯ ಬೆನ್ನಿನ ಎತ್ತರಕ್ಕೆ ನೇತುಹಾಕಿ. ದಿನಾ ಒಮ್ಮೆ ಅದೇ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಉಸಿರೆಳೆದುಕೊಳ್ಳಿ. ನಿಮ್ಮ ಕಣ್ಣು ಉರಿದರೆ ಕೋಳಿಗೆ ಆಗಲೇ ತೊಂದರೆ ಶುರುವಾಗಿದೆ ಅಂತ ತಿಳಿಯಿರಿ.