ಮಗಳು ಇತಿಹಾಸ ಓದುತ್ತೇನೆ ಅನ್ನುತ್ತಾಳೆ

ಪ್ರಶ್ನೆ: ಮೇಡಂ, ನಮ್ಮದು ಗಂಗೊಳ್ಳಿ ಹತ್ತಿರದ ಊರು. ಯಜಮಾನರು ಬೋಟಿಗೆ ಹೋಗುತ್ತಾರೆ. ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ, ಕನ್ನಡ ಮಾಧ್ಯಮ. ಎಲ್ಲ ವಿಷಯದಲ್ಲೂ ಒಳ್ಳೆಯ ಅಂಕ. ಹೋದ ವರ್ಷ ಮೇಷ್ಟ್ರು ಬಸ್ರೂರು, ಬಾರ್ಕೂರು ತೋರಿಸಿಕೊಂಡು ಬಂದ ಮೇಲೆ, ಪಿಯುಸಿಗೆ ಆರ್ಟ್ಸ್ ಸೇರಿ ಇತಿಹಾಸ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಬೆಂಗಳೂರಿನಲ್ಲಿ ಹೋಟೆಲ್ ನಡೆಸುವ ಅವಳ ದೊಡ್ಡಪ್ಪ, ‘ಇಷ್ಟು ಮಾರ್ಕು ತೆಗೆದವಳು ಆರ್ಟ್ಸಿಗೆ ಹೋದರೆ ನಾಳೆ ಕೆಲಸ ಯಾರು ಕೊಡುತ್ತಾರೆ? ಸೈನ್ಸ್ ಸೇರಲಿ, ಖರ್ಚು ನನ್ನದು’ ಎನ್ನುತ್ತಾರೆ. ನನಗೆ ಏನೂ ತೋಚುತ್ತಿಲ್ಲ.
– ಒಬ್ಬ ತಾಯಿ

ಉತ್ತರ: ತಾಯೀ, ದೊಡ್ಡಪ್ಪನವರ ಮಾತನ್ನು ತಳ್ಳಿಹಾಕಬೇಡಿ. ದುಡಿದು ಮೇಲೆ ಬಂದವರು ಕೇಳಿದ ಪ್ರಶ್ನೆ ಅದು. ನೇರ ಉತ್ತರ ಸಿಗಬೇಕು. ಅದಕ್ಕೆ ಮೊದಲು ಮಗಳಿಗೆ ಹಿಡಿಸಿದ್ದು ಏನೆಂದು ತಿಳಿಯೋಣ. 1665ರಲ್ಲಿ ಶಿವಾಜಿ ಹಡಗು ಕಟ್ಟಿಕೊಂಡು ಬಂದು ಬಸ್ರೂರನ್ನು ಲೂಟಿ ಮಾಡಿದ ಕಥೆ ಯಾವ ಮಗುವಿಗೂ ಇಷ್ಟವೇ. ಆದರೆ ಅಷ್ಟು ದೂರದಿಂದ ಬರುವಷ್ಟು ಸಂಪತ್ತು ಆ ಊರಲ್ಲಿ ಹೇಗೆ ಸೇರಿತು, ಪೋರ್ಚುಗೀಸರು ಇಲ್ಲಿನ ಅಕ್ಕಿಗೆ ಯಾಕೆ ಕಾದು ಕೂತರು, ಶಾಸನಗಳಲ್ಲಿ ಬರುವ ‘ಹಂಜಮಾನ’ ಎಂಬ ವರ್ತಕರ ಸಂಘದಲ್ಲಿ ಯಾರಿದ್ದರು ಎಂದು ಅವಳು ಕೇಳುತ್ತಾಳೆಯೇ? ಹಾಗೆ ಕೇಳುವವಳಾದರೆ ವಿಷಯ ಬೇರೆ.

ಪರೀಕ್ಷೆ ಮುಗಿದ ಮೇಲೆ ಒಂದು ಕೆಲಸ ಮಾಡಿಸಿ. ಬಾರ್ಕೂರಿಗೆ ಇನ್ನೊಮ್ಮೆ ಹೋಗಲಿ. ಕತ್ತಲೆ ಬಸದಿ, ಚೌಳಿಕೇರಿ, ಮಣಿಗಾರಕೇರಿ ಸುತ್ತಲಿ. ಒಂದೇ ಒಂದು ಶಾಸನದ ಕಲ್ಲನ್ನು ಆರಿಸಿಕೊಂಡು, ಓದಲು ಬಂದಷ್ಟು ಅಕ್ಷರ ಬರೆದುಕೊಳ್ಳಲಿ. ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಏಳನೆಯ ಸಂಪುಟದಲ್ಲಿ ಬಾರ್ಕೂರು, ಬಸ್ರೂರಿನ ಬಹಳಷ್ಟು ಶಾಸನಗಳ ಪಾಠ ಅಚ್ಚಾಗಿದೆ. ಮೇಷ್ಟ್ರ ಸಹಾಯದಿಂದ ಹೋಲಿಸಿ ನೋಡಲಿ. ಒಂದು ಸಾಲಿಗಾಗಿ ಅರ್ಧ ದಿನ ಕೂತರೂ ಅವಳಿಗೆ ಬೇಸರ ಬರಲಿಲ್ಲವೆಂದರೆ ಆ ಹಟಕ್ಕೆ ಬೆಲೆ ಕೊಡಿ. ಬೇಸರವಾಯಿತೆಂದರೆ ತಪ್ಪೇನಿಲ್ಲ, ಸೈನ್ಸ್ ಓದಿಕೊಂಡೂ ಇತಿಹಾಸವನ್ನು ಪ್ರೀತಿಸಬಹುದು.

ಈ ದಾರಿಯಲ್ಲಿ ನಡೆದವರು ನಮ್ಮ ಸುತ್ತಲೇ ಇದ್ದರು. ಪಾದೂರು ಗುರುರಾಜ ಭಟ್ಟರು ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನಲ್ಲಿದ್ದುಕೊಂಡೇ ತುಳುನಾಡಿನ ದೇವಸ್ಥಾನ, ಶಾಸನಗಳನ್ನು ಹುಡುಕಿ ಅಲೆದರು. 1975ರಲ್ಲಿ ಅವರ ದೊಡ್ಡ ಗ್ರಂಥ ಹೊರಬಂತು. ದಕ್ಷಿಣ ಕನ್ನಡದ ಚರಿತ್ರೆ ಬರೆದ ಕೆ.ವಿ. ರಮೇಶ್ ಕೇಂದ್ರ ಸರ್ಕಾರದ ಶಾಸನ ವಿಭಾಗದ ನಿರ್ದೇಶಕರಾದರು. ಆ ವಿಭಾಗದ ಕಚೇರಿ ಮೈಸೂರಿನಲ್ಲಿದೆ. ನಮ್ಮ ಮೆಕ್ಕೆಕಟ್ಟಿನ ಹಳೆಯ ಮರದ ದೈವಮೂರ್ತಿಗಳು ಇಂದು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಅಂಥವನ್ನು ಕಾಪಾಡಿ, ನೋಡಲು ಬಂದವರಿಗೆ ಅವುಗಳ ಕಥೆ ಹೇಳುವುದೂ ಇತಿಹಾಸ ಓದಿದವರ ಕೆಲಸವೇ. ಶಿರ್ವದ ಮುಲ್ಕಿ ಸುಂದರರಾಮ ಶೆಟ್ಟಿ ಕಾಲೇಜು ಪ್ರಾಚೀನ ಇತಿಹಾಸ, ಪುರಾತತ್ವಕ್ಕೆ ಹೆಸರಾದದ್ದು, ಎಂ.ಎ.ಗೆ ಮಂಗಳೂರು ವಿಶ್ವವಿದ್ಯಾಲಯದ ಮಂಗಳಗಂಗೋತ್ರಿ ಇದೆ.

ಇನ್ನು ಸಂಬಳದ ಮಾತು. ಇಂಥ ಹುದ್ದೆಗಳು ಕಡಿಮೆ, ದಾರಿಯೂ ಉದ್ದ. ಹೆಚ್ಚಿನವರಿಗೆ ಆಧಾರವಾಗುವುದು ಮೇಷ್ಟ್ರ ಕೆಲಸ. ಪಿಯುಸಿ ಎರಡು ವರ್ಷ, ಬಿ.ಎ. ಮೂರು, ಬಿ.ಎಡ್. ಎರಡು, ಒಟ್ಟು ಏಳು ವರ್ಷವಾದರೆ ಹೈಸ್ಕೂಲಿಗೆ ಅರ್ಜಿ ಹಾಕಬಹುದು. ಸರ್ಕಾರಿ ನೇಮಕಾತಿ ಪ್ರತಿವರ್ಷ ಬರುವುದಿಲ್ಲ. ಕಾನೂನು ಇನ್ನೊಂದು ಒಳ್ಳೆಯ ಬಾಗಿಲು: ಪಿಯುಸಿ ಆದೊಡನೆ ಐದು ವರ್ಷದ ಕೋರ್ಸು, ಇಲ್ಲವೇ ಬಿ.ಎ. ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ. ಮೂಲಗೇಣಿ, ಚಾಲಗೇಣಿಯ ಹಳೆಯ ಕಾಗದ ಓದಬಲ್ಲ ವಕೀಲರು ನಮ್ಮ ಕಡೆ ಇಂದಿಗೂ ಬೇಕು. ಐಎಎಸ್, ಕೆಎಎಸ್ ಪರೀಕ್ಷೆಗೆ ಇತಿಹಾಸ ನೆರವಾಗುತ್ತದೆ ನಿಜ, ಆದರೆ ಅದೊಂದನ್ನೇ ನಂಬಿ ಮಗಳನ್ನು ಆರ್ಟ್ಸಿಗೆ ಸೇರಿಸಬೇಡಿ.

ಒಂದು ಸತ್ಯ ಮುಚ್ಚಿಡಲಾರೆ. ಸೈನ್ಸ್ ಓದಿದವಳು ಮುಂದೆ ಬಿ.ಎ. ಇತಿಹಾಸಕ್ಕೆ ಬರಬಹುದು, ಆರ್ಟ್ಸ್ ಓದಿದವಳಿಗೆ ಇಂಜಿನಿಯರಿಂಗಿನ ದಾರಿ ಇಲ್ಲ. ಹಾಗೆಂದು ಮನಸ್ಸಿಲ್ಲದ ಮಗಳನ್ನು ಎರಡು ವರ್ಷ ಕೋಚಿಂಗಿಗೆ ಅಟ್ಟುವುದು ನನಗೆ ಒಪ್ಪಿಗೆಯಿಲ್ಲ. ಅಂಥ ಮಕ್ಕಳು ಕುಗ್ಗಿ, ಇದ್ದ ಆಸಕ್ತಿಯನ್ನೂ ಕಳೆದುಕೊಂಡದ್ದನ್ನು ಕಂಡಿದ್ದೇನೆ. ಬಾರ್ಕೂರಿನ ಪರೀಕ್ಷೆಯಲ್ಲಿ ಗೆದ್ದರೆ ಇತಿಹಾಸಕ್ಕೇ ಸೇರಿಸಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಡುವಿನ ದಾರಿಯೂ ಒಂದಿದೆ. ಕಾಮರ್ಸಿನಲ್ಲಿ ಎಚ್‌ಇಬಿಎ ಎಂಬ ಸಂಯೋಜನೆಯಲ್ಲಿ ಇತಿಹಾಸದ ಜೊತೆ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಇರುತ್ತವೆ. ಹೋಟೆಲ್ ನಡೆಸುವ ದೊಡ್ಡಪ್ಪನವರಿಗೆ ಲೆಕ್ಕ ಬಲ್ಲ ಮಗಳು ಬೇಡವೇ? ಆರ್ಟ್ಸಿನಲ್ಲಾದರೆ ಎಚ್‌ಇಪಿಎಸ್, ಅಂದರೆ ಇತಿಹಾಸ, ಅರ್ಥಶಾಸ್ತ್ರದ ಜೊತೆ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಎರಡರಲ್ಲಿ ಯಾವುದಾದರೂ ಇಂಗ್ಲಿಷನ್ನು ಈಗಿನಿಂದಲೇ ಗಟ್ಟಿ ಮಾಡಿಕೊಳ್ಳಬೇಕು. ಕಾನೂನಿನ ಪ್ರವೇಶ ಪರೀಕ್ಷೆಯೂ ಸಂಶೋಧನೆಯ ಹೆಚ್ಚಿನ ಪುಸ್ತಕಗಳೂ ಇಂಗ್ಲಿಷಿನಲ್ಲೇ ಇವೆ. ಹಳಗನ್ನಡ ಬಿಡಬಾರದು, ಶಾಸನ ಓದಲು ಅದೇ ಬೇಕು.

ಫಲಿತಾಂಶಕ್ಕೆ ಕಾಯದೆ ಕುಂದಾಪುರ, ಬೈಂದೂರಿನ ಪಿಯು ಕಾಲೇಜುಗಳಿಗೆ ಮಗಳನ್ನೇ ಕರೆದುಕೊಂಡು ಹೋಗಿ ವಿಚಾರಿಸಿ: ಯಾವ ಸಂಯೋಜನೆ ಇದೆ, ಯಾವ ಮಾಧ್ಯಮ, ಇತಿಹಾಸಕ್ಕೆ ಕಾಯಂ ಉಪನ್ಯಾಸಕರು ಇದ್ದಾರೆಯೇ. ಆ ವಿವರ ಕೈಯಲ್ಲಿಟ್ಟುಕೊಂಡು ದೊಡ್ಡಪ್ಪನವರಿಗೆ ಅವಳೇ ಫೋನ್ ಮಾಡಿ ಮಾತಾಡಲಿ.