ಮಾನಿಟರಿನ ಆಯ್ಕೆ: ಚಿತ್ರಕ್ಕೂ ಆಟಕ್ಕೂ ಒಂದೇ ತೆರೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಅನುಭವ)

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂಬುದು ನಮ್ಮ ಹಿರಿಯರ ಮಾತು. ಕಣ್ಣಾರೆ ಕಂಡುದನ್ನು ಮತ್ತೆ ಪ್ರಮಾಣಿಸುವುದೇಕೆಂದು ಚಿಕ್ಕಂದಿನಲ್ಲಿ ನಾನು ನಗುತ್ತಿದ್ದುದುಂಟು. ಕಳೆದ ವರ್ಷ ಒಂದು ಮದುವೆಯ ಆಲ್ಬಮ್ಮು ಈ ಗಾದೆಯ ಅರ್ಥವನ್ನು ನನಗೆ ಚೆನ್ನಾಗಿ ಕಲಿಸಿತು. ಕಾಲೇಜಿನ ಶುಲ್ಕಕ್ಕೆಂದು ಕೂಡಿಟ್ಟಿದ್ದ ಹಣವೇ ಆ ಪಾಠಕ್ಕೆ ದಕ್ಷಿಣೆಯಾಯಿತು. ಅಂಥ ದಕ್ಷಿಣೆಯನ್ನು ನನ್ನ ಸಹಪಾಠಿಗಳು ಮತ್ತೊಮ್ಮೆ ತೆರದಿರಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ರಜಾದಿನಗಳಲ್ಲಿ ನಾನು ನಮ್ಮೂರಿನ ಒಂದು ಸ್ಟುಡಿಯೋದವರಿಗೆ ಛಾಯಾಚಿತ್ರಗಳನ್ನು ತಿದ್ದಿಕೊಡುತ್ತೇನೆ. ಕೆಲಸವೆಲ್ಲ ನಡೆಯುತ್ತಿದ್ದುದು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ದೀಪವಾರಿಸಿ, ತೆರೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ಕೂಡುತ್ತಿದ್ದೆ. ಆ ಮದುವೆಯ 40 ಪುಟಗಳನ್ನೂ ಹಾಗೆಯೇ ತಿದ್ದಿದೆ. ತೆರೆಯ ಮೇಲೆ ಎಲ್ಲವೂ ಸೊಗಸಾಗಿತ್ತು. ಅಚ್ಚಾಗಿ ಬಂದ ಆಲ್ಬಮ್ಮನ್ನು ತೆರೆದಾಗ ಎದೆ ಝಲ್ಲೆಂದಿತು. ಮಂಟಪವೆಲ್ಲ ಮಬ್ಬುಗತ್ತಲೆ, ಮದುಮಗಳ ಅರಿಸಿನದ ಮುಖಕ್ಕೆ ಯಾರೋ ಕುಂಕುಮ ಬಳಿದಂತಿತ್ತು. ಹುಡುಗಿಯ ತಾಯಿ ಬಹಳ ಹೊತ್ತು ನೋಡಿ, “ಇದು ನಮ್ಮ ಹುಡುಗಿಯ ಬಣ್ಣವಲ್ಲವಲ್ಲಪ್ಪಾ” ಎಂದರು. ಕೋಪಿಸಿಕೊಂಡಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಮತ್ತೆ ಅಚ್ಚು ಹಾಕಿಸಿದ ವೆಚ್ಚದ ಅರ್ಧವನ್ನು ಸ್ಟುಡಿಯೋದ ಯಜಮಾನರು ವಹಿಸಿಕೊಂಡರು. ಉಳಿದ 4,700 ರೂಪಾಯಿ ನಾಲ್ಕು ಕಂತುಗಳಲ್ಲಿ ನನ್ನ ಕೂಲಿಯಿಂದ ಕಳೆದುಹೋಯಿತು.

ತಪ್ಪು ಎಲ್ಲಿ ನಡೆಯಿತು? ಅದನ್ನು ಹುಡುಕಹೊರಟಾಗ ಎರಡು ಕಾರಣಗಳು ಕಂಡುಬಂದವು. ಕತ್ತಲೆಯ ಕೋಣೆಯಲ್ಲಿ ತೆರೆ ಅತಿಯಾಗಿ ಬೆಳಗುತ್ತಿದ್ದುದರಿಂದ ಚಿತ್ರ ಹೆಚ್ಚು ಬೆಳಕಾದಂತೆ ತೋರಿ, ನಾನು ಅದನ್ನು ಕಪ್ಪಾಗಿಸುತ್ತ ಹೋಗಿದ್ದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲವಷ್ಟೆ. ಅದು ಇದ್ದುದನ್ನು ಇದ್ದಂತೆ ಕಪ್ಪಾಗಿಯೇ ತೋರಿಸಿತು. ಎರಡನೆಯದಾಗಿ, ಆ ತೆರೆಗೆ ಬಣ್ಣಗಳನ್ನು ಪೂರ್ತಿಯಾಗಿ ತೋರಿಸುವ ಶಕ್ತಿಯೇ ಇರಲಿಲ್ಲ. ಅದು ಪೇಲವವಾಗಿ ತೋರಿಸಿದ ಕೆಂಪನ್ನು ನಾನು ಗಾಢಗೊಳಿಸಿದೆ. ಅಚ್ಚಿನಲ್ಲಿ ಅದು ರಕ್ತಗೆಂಪಾಯಿತು. ಸುಳ್ಳು ತಕ್ಕಡಿಯಲ್ಲಿ ಸತ್ಯವಾಗಿ ತೂಗಿದರೂ ತೂಕ ಸುಳ್ಳೇ ಆಗುವುದಲ್ಲವೆ?

ಆದುದರಿಂದ ಒಂದು ಪ್ರತ್ಯೇಕ ಮಾನಿಟರನ್ನು ಕೊಂಡು ಲ್ಯಾಪ್‌ಟಾಪಿಗೆ ಜೋಡಿಸಬೇಕೆಂದು ನಿಶ್ಚಯಿಸಿದೆ. ಕೈಯಲ್ಲಿದ್ದುದು 14,000 ರೂಪಾಯಿ. ನನ್ನ ತಮ್ಮ ತನ್ನ ಉಳಿತಾಯದ 3,500 ರೂಪಾಯಿಗಳನ್ನು ತಂದು ಮುಂದಿಟ್ಟು, “ಸಂಜೆಯ ಹೊತ್ತು ನನ್ನ ಕ್ರಿಕೆಟ್ಟು, ಕಾರಿನ ಪಂದ್ಯ ಇದರಲ್ಲಿ ನಡೆಯಬೇಕು” ಎಂದು ಕರಾರು ಹಾಕಿದನು. ಹೀಗೆ ಒಂದೇ ತೆರೆ ಚಿತ್ರಕ್ಕೂ ಆಟಕ್ಕೂ ಒದಗಬೇಕಾಯಿತು. ಈ ಎರಡರ ಬೇಡಿಕೆಗಳು ಒಂದೇ ಅಲ್ಲ. ಚಿತ್ರಕ್ಕೆ ಬೇಕಾದುದು ಬಣ್ಣದ ಸತ್ಯ. ಆಟಕ್ಕೆ ಬೇಕಾದುದು ಚಲನೆಯ ವೇಗ.

ಮೊದಲು ಫಲಕದ ಜಾತಿಯನ್ನು ನೋಡಬೇಕು. ದ್ರವಸ್ಫಟಿಕದ ತೆರೆಗಳಲ್ಲಿ ಮುಖ್ಯವಾಗಿ ಮೂರು ಜಾತಿಗಳುಂಟು. ಟಿ.ಎನ್. ಎಂಬುದು ಅಗ್ಗ, ವೇಗವೂ ಉಂಟು. ಆದರೆ ತಲೆಯನ್ನು ತುಸು ಮೇಲಕ್ಕೋ ಕೆಳಕ್ಕೋ ಸರಿಸಿದರೆ ಬಣ್ಣ ಬದಲಾಗುವುದು. ನನ್ನ ಲ್ಯಾಪ್‌ಟಾಪಿನದು ಇದೇ ಜಾತಿ. ವಿ.ಎ. ಎಂಬುದರಲ್ಲಿ ಕಪ್ಪು ಬಹಳ ಚೆನ್ನಾಗಿ ಬರುತ್ತದೆ. ಬಿಳಿಗೂ ಕಪ್ಪಿಗೂ ಇರುವ ಅಂತರ ಸಾಮಾನ್ಯವಾಗಿ 3000ಕ್ಕೆ 1ರಷ್ಟು. ಆದರೆ ಕತ್ತಲೆಯ ದೃಶ್ಯಗಳಲ್ಲಿ ಓಡುವ ವಸ್ತುವಿನ ಹಿಂದೆ ಮಸಿಯ ಗೆರೆ ಎಳೆದಂತೆ ಕಾಣುವುದುಂಟು. ಪಕ್ಕದಿಂದ ನೋಡಿದರೆ ಬಣ್ಣ ಸ್ವಲ್ಪ ತೊಳೆದಂತಾಗುತ್ತದೆ. ಐ.ಪಿ.ಎಸ್. ಎಂಬುದನ್ನು 1996ರಲ್ಲಿ ಜಪಾನಿನ ಹಿಟಾಚಿ ಸಂಸ್ಥೆ ಬಳಕೆಗೆ ತಂದಿತು. ಇದರಲ್ಲಿ ಅಂತರ ಸುಮಾರು 1000ಕ್ಕೆ 1. ಕತ್ತಲೆಯ ಕೋಣೆಯಲ್ಲಿ ಕಪ್ಪು ಬೂದಿಯಂತೆ ತೋರುವುದು ಇದರ ದೋಷ. ಆದರೆ ಯಾವ ಮಗ್ಗುಲಿನಿಂದ ನೋಡಿದರೂ ಬಣ್ಣ ಹೆಚ್ಚಾಗಿ ಕೆಡದಿರುವುದು ಇದರ ದೊಡ್ಡ ಗುಣ. ಇವು ಮೂರರ ಹೊರತಾಗಿ ಓಲೆಡ್ ಎಂಬ ತೆರೆಯೂ ಇದೆ. ಅದರಲ್ಲಿ ಪ್ರತಿಯೊಂದು ಬಿಂದುವೂ ತಾನೇ ಬೆಳಗುವುದರಿಂದ ಕಪ್ಪು ನಿಜವಾದ ಕಪ್ಪೇ. ಆದರೆ ಬೆಲೆ ನಮ್ಮಂಥವರ ಕೈಗೆಟುಕದು. ಒಂದೇ ಚಿತ್ರ ಬಹುಕಾಲ ನಿಂತರೆ ಅದರ ಗುರುತು ಉಳಿದುಬಿಡುವ ಭಯವೂ ಉಂಟು. ಆದುದರಿಂದ ಚಿತ್ರ ತಿದ್ದುವ ಬಡ ವಿದ್ಯಾರ್ಥಿಗೆ ಐ.ಪಿ.ಎಸ್. ಫಲಕವೇ ತಕ್ಕುದೆಂದು ತೀರ್ಮಾನಿಸಿದೆ.

ಎರಡನೆಯದು ಬಣ್ಣ. ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳ ಬೆರಕೆಯಿಂದ ವರ್ಣಚಿತ್ರವನ್ನು ಮೂಡಿಸಬಹುದೆಂದು 1861ರಲ್ಲಿ ಲಂಡನ್ನಿನಲ್ಲಿ ಮ್ಯಾಕ್ಸ್‌ವೆಲ್ ತೋರಿಸಿಕೊಟ್ಟನು. ಇಂದಿನ ತೆರೆಗಳೂ ಅದೇ ತತ್ತ್ವದಿಂದ ನಡೆಯುತ್ತವೆ. ನಮ್ಮ ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರು ತಮ್ಮ ಕೊನೆಯ ವರ್ಷಗಳಲ್ಲಿ ಹೂಗಳ ಬಣ್ಣವನ್ನೂ ಕಣ್ಣಿನ ವರ್ಣಗ್ರಹಣವನ್ನೂ ಕುರಿತು ಅಭ್ಯಾಸ ನಡೆಸಿ, 1968ರಲ್ಲಿ ‘ದಿ ಫಿಸಿಯಾಲಜಿ ಆಫ್ ವಿಷನ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಬಣ್ಣವನ್ನು ಅಳೆಯುವುದು ಎಷ್ಟು ದೊಡ್ಡವರ ಕುತೂಹಲಕ್ಕೆ ಪಾತ್ರವಾಗಿತ್ತೆಂಬುದಕ್ಕೆ ಇದು ಸಾಕ್ಷಿ.

ಎಲ್ಲ ತೆರೆಗಳೂ ಒಂದೇ ಬಗೆಯಲ್ಲಿ ಬಣ್ಣ ತೋರಿಸಲೆಂದು ಎಚ್.ಪಿ. ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು 1996ರಲ್ಲಿ ಎಸ್.ಆರ್.ಜಿ.ಬಿ. ಎಂಬ ಒಂದು ಮಾನವನ್ನು ಸೂಚಿಸಿದವು. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನವಾಯಿತು. ಮನುಷ್ಯನ ಕಣ್ಣು ಕಾಣುವ ಬಣ್ಣಗಳ ನಕ್ಷೆಯಲ್ಲಿ ಇದು ಆವರಿಸುವುದು ಸುಮಾರು 35 ಪಾಲು ಮಾತ್ರ. 1998ರಲ್ಲಿ ಬಂದ ಅಡೋಬ್ ಆರ್.ಜಿ.ಬಿ. ಸುಮಾರು 50 ಪಾಲನ್ನು ಆವರಿಸುತ್ತದೆ. ವಿಶೇಷವಾಗಿ ಹಸಿರು ಮತ್ತು ನೀಲಿಹಸಿರುಗಳಲ್ಲಿ ಅದು ಹೆಚ್ಚು ವಿಶಾಲ. ಹಾಗಾದರೆ ದೊಡ್ಡದನ್ನೇ ಕೊಳ್ಳೋಣವೆಂದು ತೋರಬಹುದು. ಆದರೆ ನಮ್ಮ ಆಲ್ಬಮ್ಮುಗಳ ಅಚ್ಚುಮನೆಯವರು ಕೇಳುವುದು ಎಸ್.ಆರ್.ಜಿ.ಬಿ. ಚಿತ್ರಗಳನ್ನೇ. ವಿಶಾಲವ್ಯಾಪ್ತಿಯ ತೆರೆಯಲ್ಲಿ ಸರಿಯಾದ ಏರ್ಪಾಡಿಲ್ಲದೆ ಅವುಗಳನ್ನು ನೋಡಿದರೆ ಬಣ್ಣ ಉಬ್ಬಿ ತೋರುವುದು. ಎಸ್.ಆರ್.ಜಿ.ಬಿ.ಯನ್ನು 99ರಿಂದ 100 ಪಾಲು ತೋರಿಸುವ ತೆರೆ ನಮಗೆ ಸಾಕು.

ಇಲ್ಲೊಂದು ಎಚ್ಚರಿಕೆ. ಪೆಟ್ಟಿಗೆಯ ಮೇಲೆ “72 ಪಾಲು ಎನ್.ಟಿ.ಎಸ್.ಸಿ.” ಎಂದಿದ್ದರೆ ಕಡಿಮೆಯೆಂದು ಗಾಬರಿಯಾಗಬೇಡಿರಿ. ಅದು 1953ರ ಟೆಲಿವಿಷನ್ನಿನ ಅಳತೆ. ಅದರ 72 ಪಾಲು ಎಸ್.ಆರ್.ಜಿ.ಬಿ.ಯ ಪೂರ್ಣ ಅಳತೆಗೆ ಹೆಚ್ಚುಕಡಿಮೆ ಸಮ. “45 ಪಾಲು” ಎಂದಿದ್ದರೆ ಮಾತ್ರ ದೂರವಿರಿ. ನನ್ನನ್ನು ಕೆಡಿಸಿದ್ದು ಅಂಥದೇ. ವ್ಯಾಪ್ತಿಯ ಜೊತೆಗೆ ನಿಖರತೆಯನ್ನೂ ಕೇಳಬೇಕು. ಇರಬೇಕಾದ ಬಣ್ಣಕ್ಕೂ ತೋರಿದ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ‘ಡೆಲ್ಟಾ ಇ’ ಎಂಬ ಸಂಖ್ಯೆಯಿಂದ ಹೇಳುತ್ತಾರೆ. ಅದು 2ಕ್ಕಿಂತ ಕಡಿಮೆಯಿದ್ದರೆ ಸಾಧಾರಣ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ.

ಮೂರನೆಯದು ಗಾತ್ರ ಮತ್ತು ಸೂಕ್ಷ್ಮತೆ. 24 ಅಂಗುಲದ ತೆರೆಯಲ್ಲಿ 1920 × 1080 ಬಿಂದುಗಳಿದ್ದರೆ ಅಂಗುಲಕ್ಕೆ ಸುಮಾರು 92 ಬಿಂದುಗಳಾಗುತ್ತವೆ. ಅದನ್ನೇ 27 ಅಂಗುಲಕ್ಕೆ ಹಿಗ್ಗಿಸಿದರೆ 82ಕ್ಕೆ ಇಳಿದು ಅಕ್ಷರಗಳ ಅಂಚು ಒರಟಾಗುವುದು. 27 ಅಂಗುಲಕ್ಕೆ 2560 × 1440 ಇದ್ದರೆ ಸುಮಾರು 109. 3840 × 2160 ಇದ್ದರೆ 163. ಬಿಂದುಗಳು ಹೆಚ್ಚಿದಷ್ಟೂ ಚಿತ್ರಕ್ಕೆ ಒಳ್ಳೆಯದೆಂಬುದು ನಿಜ. ಆದರೆ ಆಟದಲ್ಲಿ ಪ್ರತಿಯೊಂದು ಬಿಂದುವನ್ನೂ ಕಂಪ್ಯೂಟರು ಕ್ಷಣಕ್ಷಣಕ್ಕೂ ಹೊಸದಾಗಿ ಲೆಕ್ಕ ಹಾಕಬೇಕು. 1920 × 1080ರಲ್ಲಿ ಬಿಂದುಗಳು ಸುಮಾರು 20.7 ಲಕ್ಷ, 2560 × 1440ರಲ್ಲಿ 36.9 ಲಕ್ಷ, 3840 × 2160ರಲ್ಲಿ 82.9 ಲಕ್ಷ. ಕೊನೆಯದು ಮೊದಲನೆಯದರ ನಾಲ್ಕರಷ್ಟು ಹೊರೆ. ನಮ್ಮ ಬಡ ಲ್ಯಾಪ್‌ಟಾಪು ಅದನ್ನು ಹೊರಲಾರದು. ನಡುವಣ ದಾರಿಯೇ ಲೇಸೆನಿಸಿತು.

ನಾಲ್ಕನೆಯದು ತಮ್ಮನ ಪಾಲಿನ ವಿಷಯ, ವೇಗ. ತೆರೆ ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿಸುತ್ತದೆಂಬುದನ್ನು ಹರ್ಟ್ಸ್‌ಗಳಲ್ಲಿ ಹೇಳುತ್ತಾರೆ. 60 ಹರ್ಟ್ಸ್ ಆದರೆ ಒಂದೊಂದು ಚಿತ್ರ 16.7 ಮಿಲಿಸೆಕೆಂಡು ನಿಲ್ಲುತ್ತದೆ. 100 ಆದರೆ 10. 144 ಆದರೆ ಸುಮಾರು 7. ಅರವತ್ತರಿಂದ ನೂರಕ್ಕೆ ಏರಿದಾಗ 6.7 ಮಿಲಿಸೆಕೆಂಡು ಉಳಿತಾಯವಾದರೆ, ನೂರರಿಂದ ನೂರನಲವತ್ತನಾಲ್ಕಕ್ಕೆ ಏರಿದಾಗ ಉಳಿಯುವುದು ಮೂರು ಮಾತ್ರ. ಪಂದ್ಯಗಳಲ್ಲಿ ಬಹುಮಾನ ಗಳಿಸುವವರಿಗೆ ಆ ಮೂರೂ ಬೇಕಾದೀತು. ಮನೋವಿನೋದಕ್ಕಾಗಿ ಆಡುವವರಿಗೆ 75ರಿಂದ 100 ಧಾರಾಳ. “1 ಮಿಲಿಸೆಕೆಂಡು” ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಬೇರೊಂದು ಲೆಕ್ಕ. ಬಿಂದುವೊಂದು ಬಣ್ಣ ಬದಲಿಸಲು ಹಿಡಿಯುವ ಕಾಲವದು. ಅನೇಕ ವೇಳೆ ಹಿಂಬೆಳಕನ್ನು ಮಿಣುಕಿಸಿ ಅಳೆದ ಸಂಖ್ಯೆಯನ್ನು ಅಲ್ಲಿ ಕೊಟ್ಟಿರುವುದರಿಂದ, ಅದೊಂದನ್ನೇ ನಂಬಿ ಕೊಳ್ಳಬಾರದು.

ಇದಕ್ಕಿಂತ ಉಪಯುಕ್ತವಾದುದು ಹೊಂದಾಣಿಕೆಯ ವೇಗ. ಕಂಪ್ಯೂಟರು ಒಮ್ಮೆ 50, ಒಮ್ಮೆ 63 ಚಿತ್ರಗಳನ್ನು ಕಳಿಸುತ್ತಿರಲು, ತೆರೆ ತನ್ನ ಪಾಡಿಗೆ ಅರವತ್ತೇ ಎಂದು ಕುಳಿತರೆ ಚಿತ್ರ ನಡುವೆ ಹರಿದಂತೆ ಕಾಣುತ್ತದೆ. ಭಜನೆಯವರ ಲಯಕ್ಕೆ ತಾಳದವನು ಹೊಂದಿಕೊಳ್ಳುವಂತೆ ತೆರೆಯೇ ಹೊಂದಿಕೊಳ್ಳುವ ಏರ್ಪಾಡನ್ನು 2014ರಲ್ಲಿ ಡಿಸ್‌ಪ್ಲೇಪೋರ್ಟಿನ ಮಾನಕ್ಕೆ ಸೇರಿಸಲಾಯಿತು. ದುರ್ಬಲ ಕಂಪ್ಯೂಟರುಳ್ಳವರಿಗೇ ಇದರಿಂದ ಹೆಚ್ಚು ಪ್ರಯೋಜನ. ಆದರೆ ಕಂಪ್ಯೂಟರೂ ತಂತಿಯೂ ಇದಕ್ಕೆ ಒಪ್ಪಬೇಕು.

ಐದನೆಯದು ತಂತಿ. ಇದನ್ನು ಮರೆತವರೇ ಹೆಚ್ಚು, ನಾನೂ ಅವರಲ್ಲೊಬ್ಬನು. ಹಳೆಯ ಎಚ್.ಡಿ.ಎಂ.ಐ. 1.4ರ ಬಾಯಿಯಲ್ಲಿ 3840 × 2160ರ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಹರಿಯಬಲ್ಲದು, 2013ರ 2.0ರಲ್ಲಿ 60 ಸಲ. ಕಿರಿದಾದ ಕಾಲುವೆಗೆ ದೊಡ್ಡ ಕೆರೆಯ ತೂಬನ್ನು ಎತ್ತಿದರೇನು ಫಲ? ನಾವು ಕೊಂಡುದು 100 ಹರ್ಟ್ಸ್‌ನ ತೆರೆ. ಮನೆಗೆ ತಂದು ಜೋಡಿಸಿದಾಗ ನಮ್ಮ ಲ್ಯಾಪ್‌ಟಾಪಿನ ಹಳೆಯ ಬಾಯಿ 75ರ ಮೇಲೆ ಏರಲೊಲ್ಲದು! ತಮ್ಮನು ಮುಖ ಊದಿಸಿಕೊಂಡನು. ಮೊದಲೇ ನೋಡಿಕೊಂಡಿದ್ದರೆ 75ರದನ್ನೇ ಕೊಂಡು ಸ್ವಲ್ಪ ಹಣ ಉಳಿಸಬಹುದಾಗಿತ್ತು.

ಅಂಗಡಿಯಲ್ಲಿ ನಾನು ಮಾಡಿದ ಪರೀಕ್ಷೆಯನ್ನು ಹೇಳುತ್ತೇನೆ. ಚೆನ್ನಾಗಿ ಅಚ್ಚಾದ ಒಂದು ಛಾಯಾಚಿತ್ರವನ್ನೂ ಅದರ ಮೂಲವನ್ನೂ ಜೊತೆಗೆ ಒಯ್ದಿದ್ದೆ. ಅಂಗಡಿಗಳಲ್ಲಿ ತೆರೆಗಳನ್ನು ಕಣ್ಣು ಕೋರೈಸುವಂತೆ ಬೆಳಗಿಸಿಟ್ಟಿರುತ್ತಾರೆ. ಮೊದಲು ಅದನ್ನು ಇಳಿಸಿ, ಎಸ್.ಆರ್.ಜಿ.ಬಿ. ಕ್ರಮಕ್ಕೆ ತಿರುಗಿಸಬೇಕು. ಆಮೇಲೆ ಅಚ್ಚನ್ನು ಪಕ್ಕದಲ್ಲಿ ಹಿಡಿದು ಮುಖದ ಬಣ್ಣವನ್ನು ಹೋಲಿಸಬೇಕು. ತೆರೆಯ ತುಂಬ ಬಿಳಿಯನ್ನು ತಂದು ಮೂಲೆಗಳು ಮಂಕಾಗಿವೆಯೇ ನೋಡಬೇಕು; ಕಪ್ಪನ್ನು ತಂದು ಅಂಚಿನಲ್ಲಿ ಬೆಳಕು ಸೋರುವುದೇ ನೋಡಬೇಕು. ಕಪ್ಪಿನಿಂದ ಬಿಳಿಯವರೆಗಿನ ಬೂದುಬಣ್ಣದ ಪಟ್ಟಿಯಲ್ಲಿ ನಡುವೆ ಹಸಿರೋ ಕೆಂಪೋ ಇಣುಕಬಾರದು. ಕಂಬ, ಬಾಗಿಲುಗಳ ನೇರಗೆರೆಗಳನ್ನು ತಿದ್ದುವವರಿಗೆ ಬಾಗಿದ ತೆರೆಗಿಂತ ಚಪ್ಪಟೆಯದೇ ವಾಸಿ. ಎತ್ತರವನ್ನು ಹೊಂದಿಸಿಕೊಳ್ಳುವ ಕಾಲಿದ್ದರೆ ಕುತ್ತಿಗೆ ನಿಮ್ಮನ್ನು ಹರಸುವುದು.

ಹೀಗೆ 27 ಅಂಗುಲದ, 2560 × 1440 ಬಿಂದುಗಳ ಐ.ಪಿ.ಎಸ್. ಮಾನಿಟರು ನಮ್ಮ ಮನೆ ಸೇರಿತು. ಆದರೆ ಒಳ್ಳೆಯ ವೀಣೆಯನ್ನು ತಂದ ಮಾತ್ರಕ್ಕೆ ಶ್ರುತಿ ಕೂಡುವುದಿಲ್ಲ. ಮೊದಲು ಬಿಳಿಯ ಕಾಗದವೊಂದನ್ನು ಮೇಜಿನ ದೀಪದ ಬೆಳಕಿನಲ್ಲಿ ತೆರೆಯ ಪಕ್ಕಕ್ಕಿಟ್ಟು, ತೆರೆಯ ಬಿಳಿಯೂ ಕಾಗದದ ಬಿಳಿಯೂ ಸಮನಾಗಿ ತೋರುವವರೆಗೆ ಬೆಳಕನ್ನು ಇಳಿಸಿದೆ. ಆಮೇಲೆ ಸ್ಟುಡಿಯೋದ ಯಜಮಾನರಿಂದ ಬಣ್ಣ ಅಳೆಯುವ ಪುಟ್ಟ ಉಪಕರಣವನ್ನು ಒಂದು ದಿನದ ಮಟ್ಟಿಗೆ ಕಡ ತಂದೆ. ಅದನ್ನು ತೆರೆಯ ಮೇಲೆ ತೂಗುಹಾಕಿದರೆ ಒಂದೊಂದೇ ಬಣ್ಣವನ್ನು ಅಳೆದು, ಕಂಪ್ಯೂಟರಿಗೆ ತಿದ್ದುಪಡಿಯ ಪಟ್ಟಿಯನ್ನು ಬರೆದುಕೊಡುತ್ತದೆ. ಬಿಳಿಯನ್ನು 6500 ಕೆಲ್ವಿನ್ನಿಗೂ, ಪ್ರಕಾಶವನ್ನು ಚದರ ಮೀಟರಿಗೆ 110 ಕ್ಯಾಂಡೆಲಾಕ್ಕೂ ನಿಲ್ಲಿಸಿದೆ. ಅಚ್ಚಿನ ಕೆಲಸಕ್ಕೆ 80ರಿಂದ 120ರೊಳಗೆ ಇರುವುದು ವಾಡಿಕೆ. ಕೋಣೆಯ ದೀಪವನ್ನು ಈಗ ಆರಿಸುವುದಿಲ್ಲ.

ಮುಂದಿನ ಮದುವೆಯ ಕೆಲಸವನ್ನು ಯಜಮಾನರು ನನಗೆ ಕೊಡುವರೆಂಬ ನಂಬಿಕೆಯಿರಲಿಲ್ಲ, ಆದರೂ ಕೊಟ್ಟರು. ಈ ಸಲ ಮೊದಲು ಎರಡೇ ಪುಟಗಳನ್ನು ಅಚ್ಚು ಹಾಕಿಸಿ ತೆರೆಯೊಡನೆ ಹೋಲಿಸಿದೆ. ರಾಮಾ ಹಸಿರಿನ ಸೀರೆ ರಾಮಾ ಹಸಿರಾಗಿಯೇ ಇತ್ತು. ಮುಖ ಅರಿಸಿನದ ಮುಖವಾಗಿಯೇ ಇತ್ತು. ಯಜಮಾನರು ಮಾತಾಡದೆ ಉಳಿದ ಪುಟಗಳನ್ನು ಅಚ್ಚಿಗೆ ಕಳಿಸಿದರು. ನನಗೆ ಅದೇ ಪ್ರಶಸ್ತಿಪತ್ರ. ಮೊದಲಿನ ಮದುವೆಯ ಆ ತಾಯಿಯ ಮನೆಗೂ ಒಂದು ದಿನ ಹೋಗಿ, ಆಕೆಯ ಮಗಳ ಒಂದು ಚಿತ್ರವನ್ನು ಹೊಸದಾಗಿ ತಿದ್ದಿ, ಕಟ್ಟು ಹಾಕಿಸಿ ಕೊಟ್ಟುಬಂದೆ. ಈಗ ಅದು ಅವರ ನಡುಮನೆಯ ಗೋಡೆಯ ಮೇಲಿದೆ.

ಮಾನಿಟರು ಕೊಳ್ಳಬೇಕೆಂದಿರುವ ಮಿತ್ರರು ಯಾರಾದರೂ ತಮ್ಮ ಚಿತ್ರವನ್ನೂ ಅದರ ಅಚ್ಚನ್ನೂ ತೆಗೆದುಕೊಂಡು ನಮ್ಮ ಮನೆಗೆ ಬರಬಹುದು. ಜೊತೆಯಲ್ಲಿ ಕುಳಿತು ಹೋಲಿಸಿ ನೋಡೋಣ. ಸಂಜೆ ಏಳು ಗಂಟೆಯೊಳಗೆ ಬನ್ನಿರಿ. ಆಮೇಲೆ ತೆರೆ ನನ್ನ ತಮ್ಮನದು.